ನಿಲ್ಲದೆ ಓಡುವುದೋ, ನಿಂತು ನಿಂತು ಓಡುವುದೋ: ಹೃದಯದ ಸುತ್ತ ಒಂದು ಹಳೆಯ ಚರ್ಚೆ

ಇಂಟರ್‌ವಲ್ ತಾಲೀಮು ಇತ್ತೀಚಿನ ಜಿಮ್‌ಗಳ ಕೊಡುಗೆಯಲ್ಲ. ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಸೇರಿ ಅದಕ್ಕೆ ನಾಡಿಯ ಲೆಕ್ಕ ಕೊಟ್ಟು ದಶಕಗಳೇ ಕಳೆದಿವೆ. ನಾಡಿ ನಿಮಿಷಕ್ಕೆ 180ರ ಸುತ್ತ ಏರುವಷ್ಟು ಓಟ, 120ಕ್ಕೆ ಇಳಿಯುವವರೆಗೆ ಬಿಡುವು. ಇಳಿಯಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಓಟ ಅತಿಯಾಯಿತೆಂದೇ ಅರ್ಥ. ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು.

ಹೃದಯ ಬಲಗೊಳ್ಳುವುದು ಬಿಡುವಿನ ಹೊತ್ತಿನಲ್ಲೇ ಎಂದು ಗೆರ್ಶ್ಲರ್ ಮತ್ತು ರೈಂಡೆಲ್ ನಂಬಿದ್ದರು. ಇಂದಿನ ತಿಳಿವಳಿಕೆ ಬೇರೆ. ಮಾತಾಡುತ್ತಲೇ ಸಾಗಬಹುದಾದ ವೇಗದಲ್ಲಿ ಮುಕ್ಕಾಲು ಗಂಟೆ ನಡೆದರೂ ಹೃದಯಕ್ಕೆ ಮರಳುವ ರಕ್ತ ಹೆಚ್ಚುತ್ತದೆ. ವಾರಗಳು ಉರುಳಿದಂತೆ ರಕ್ತದ ದ್ರವಾಂಶ ಏರುತ್ತದೆ, ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯಾದ ಎಡ ಹೃತ್ಕುಕ್ಷಿ ಸಲೀಸಾಗಿ ತುಂಬಿಕೊಳ್ಳುತ್ತದೆ, ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಹೆಚ್ಚಿ ವಿಶ್ರಾಂತಿಯ ನಾಡಿ ಇಳಿಯುತ್ತದೆ. ಇಂಟರ್‌ವಲ್ ತರುವುದೂ ಇವೇ ಬದಲಾವಣೆಗಳನ್ನು. ಅದರ ಹೆಚ್ಚುಗಾರಿಕೆ ಇಷ್ಟೇ: ಗರಿಷ್ಠ ಹೊರೆಯ ಸಮೀಪದಲ್ಲಿ ಒಂದೇ ಸಮನೆ 16 ನಿಮಿಷ ಓಡಲಾಗದವರೂ ನಾಲ್ಕು ಕಂತಿನಲ್ಲಿ ಅದನ್ನು ಮುಗಿಸಬಲ್ಲರು.

ಚರ್ಚೆ ಆಸ್ಪತ್ರೆಗೆ ಬಂದದ್ದು ನಾರ್ವೆಯಿಂದ. 2007ರಲ್ಲಿ ಉಲ್ರಿಕ್ ವಿಸ್ಲಾಫ್ ತಂಡ ಹೃದಯ ವೈಫಲ್ಯದ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) 27 ರೋಗಿಗಳ ಮೇಲೆ 12 ವಾರಗಳ ಅಧ್ಯಯನ ಪ್ರಕಟಿಸಿತು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಇಂಟರ್‌ವಲ್ ಗುಂಪಿನಲ್ಲಿ ಶೇ 46, ನಿರಂತರ ಗುಂಪಿನಲ್ಲಿ ಶೇ 14 ಏರಿತ್ತು. ಉತ್ಸಾಹ ಉಕ್ಕಿತು. ಆದರೆ 27 ಸಣ್ಣ ಸಂಖ್ಯೆ. 2017ರಲ್ಲಿ 261 ರೋಗಿಗಳ ಬಹುಕೇಂದ್ರ ಅಧ್ಯಯನ ಹೊರಬಂದಾಗ ಎರಡು ವಿಧಾನಗಳ ನಡುವೆ ಹೃತ್ಕುಕ್ಷಿಯ ಗಾತ್ರದಲ್ಲಾಗಲಿ ಆಮ್ಲಜನಕದ ಬಳಕೆಯಲ್ಲಾಗಲಿ ಗಣನೀಯ ಅಂತರ ಕಾಣಲಿಲ್ಲ. ನಮಗೆ ಮುಖ್ಯವೆನಿಸುವುದು ಅದರೊಳಗಿನ ಇನ್ನೊಂದು ಸಂಗತಿ. ಇಂಟರ್‌ವಲ್ ಗುಂಪಿನ ಅರ್ಧದಷ್ಟು ಜನ ಹೇಳಿದ ತೀವ್ರತೆ ಮುಟ್ಟಿರಲಿಲ್ಲ. ನಿರಂತರ ಗುಂಪಿನ ಐವರಲ್ಲಿ ನಾಲ್ವರು ಹೇಳಿದ್ದನ್ನು ಮೀರಿದ್ದರು. ಕಾಗದದ ಮೇಲೆ ಎರಡು ವ್ಯಾಯಾಮ, ಹೃದಯಕ್ಕೆ ಹೆಚ್ಚುಕಡಿಮೆ ಒಂದೇ.

ತೀವ್ರತೆ ತಪ್ಪುವುದೂ ಸುಲಭ. ನಾರ್ವೆಯ ಕ್ರಮದಲ್ಲಿ 10 ನಿಮಿಷ ವಾರ್ಮ್‌ಅಪ್, ಆಮೇಲೆ ಗರಿಷ್ಠ ನಾಡಿಯ ಶೇ 85–95ರಲ್ಲಿ 4 ನಿಮಿಷ, ನಡುವೆ ಶೇ 60–70ರಲ್ಲಿ 3 ನಿಮಿಷ, ಹೀಗೆ ನಾಲ್ಕು ಸುತ್ತು. ವೇಗ ಹೆಚ್ಚಿಸಿದೊಡನೆ ನಾಡಿ ಏರುವುದಿಲ್ಲ, ಒಂದೆರಡು ನಿಮಿಷ ಹಿಂದುಳಿಯುತ್ತದೆ. ಕೈಗಡಿಯಾರ ನೋಡಿ ಆತುರಪಟ್ಟವರು ಮೊದಲ ಸುತ್ತಿನಲ್ಲೇ ಬಳಲಿ ಮೂರನೆಯದರಲ್ಲಿ ಕೈಚೆಲ್ಲುತ್ತಾರೆ. ನಿರಂತರ ಓಟದ ತೊಂದರೆ ತಿರುಗುಮುರುಗು: ಬೆವರು ಹರಿದು ಮೈ ಕಾದಂತೆ ಅದೇ ವೇಗದಲ್ಲೂ ನಾಡಿ ಮೇಲೇರುತ್ತದೆ, ಆಗ ವೇಗ ತಗ್ಗಿಸಬೇಕು. ಗರಿಷ್ಠ ನಾಡಿ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಸೂತ್ರ ಹತ್ತಿಪ್ಪತ್ತು ಬಡಿತ ತಪ್ಪಬಹುದು.

ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಎಷ್ಟು ಶ್ರಮಿಸಿದರೂ ಆ ಸೂತ್ರದ ಅಂಕಿ ಮುಟ್ಟದು; ಅಂಥವರು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ, ಮಾತ್ರೆ ತೆಗೆದುಕೊಂಡೇ, ತಮ್ಮ ಗರಿಷ್ಠ ನಾಡಿಯನ್ನು ವೈದ್ಯರಿಂದ ಅಳೆಸಿಕೊಂಡು ಆಮೇಲಷ್ಟೇ ಇಂಟರ್‌ವಲ್‌ಗೆ ಇಳಿಯಬೇಕು.