ಜೆಸಿಬಿ ಬರುವ ಮೊದಲು ಗೋಡೆಯ ಫೋಟೋ ತೆಗೆದಿಡಿ

ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸರ್, ಪಕ್ಕದ ಮನೆ ಒಡೆದು ಸೆಲ್ಲಾರ್ ತೋಡ್ತಿದ್ದಾರೆ. ನಮ್ಮ ಗೋಡೆ ಬಿರುಕು ಬಿಟ್ಟಿದೆ. ಬಂದು ನೋಡ್ತೀರಾ?" ನಾನು ಕೇಳುವ ಮೊದಲ ಪ್ರಶ್ನೆಯೂ ಒಂದೇ. "ಅವರು ಅಗೆಯುವ ಮೊದಲು ನಿಮ್ಮ ಗೋಡೆ ಹೇಗಿತ್ತು? ಫೋಟೋ ಇದೆಯಾ?" ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ, "ಇಲ್ಲ ಸರ್, ಯಾಕೆ?"

22 ವರ್ಷದಿಂದ ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೇನೆ. ಈ "ಯಾಕೆ" ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಇದೊಂದನ್ನೇ ಬರೆಯುತ್ತಿದ್ದೇನೆ.

ಬಸವನಗುಡಿ, ಮಲ್ಲೇಶ್ವರ, ಜಯನಗರ, ಯಾವ ಕಡೆ ಹೋದರೂ ಕಟ್ಟಡ ಕೆಲಸ ನಡೆಯುವ ಕಡೆ ಕಟ್ಟುವ ಹಸಿರು ಪರದೆ ರಸ್ತೆಗೊಂದು ಕಾಣುತ್ತದೆ. ಅಪ್ಪ ಅಮ್ಮ ತೀರಿಕೊಂಡರು, ಮಕ್ಕಳು ಭಾಗ ಮಾಡಿಕೊಂಡರು, ಹಳೇ ಮನೆ ಹೋಯಿತು. ಅದೇ ಜಾಗದಲ್ಲಿ ಕೆಳಗೆ ಸೆಲ್ಲಾರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಕಾರು, ಮೇಲೆ ನಾಲ್ಕು ಮನೆ. ಅದನ್ನು ತಪ್ಪು ಅನ್ನಲಾರೆ. ನನ್ನ ಹೊಟ್ಟೆ ತುಂಬುವುದೂ ಅಂಥ ಕಟ್ಟಡಗಳಿಂದಲೇ. ನನ್ನ ಚಿಂತೆ ಪಕ್ಕದಲ್ಲಿ ಉಳಿದುಕೊಂಡ ಹಳೇ ಮನೆಯದ್ದು.

ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು 1898ರ ಪ್ಲೇಗ್ ಕಾಲದಲ್ಲಿ. ಜಯನಗರಕ್ಕೆ ಅಡಿಗಲ್ಲು ಹಾಕಿದ್ದು 1948ರಲ್ಲಿ. ಈ ಬಡಾವಣೆಗಳ ಹಳೇ ಮನೆಗಳಲ್ಲಿ ಹೆಚ್ಚಿನವಕ್ಕೆ ಪಿಲ್ಲರ್ ಇಲ್ಲ. ಗೋಡೆಯೇ ಭಾರ ಹೊರುತ್ತದೆ. ಆ ಗೋಡೆಯ ಕೆಳಗೆ ಮೂರು ನಾಲ್ಕು ಅಡಿ ಆಳದ ಸೈಜುಗಲ್ಲಿನ ಪಾಯ, ಅಷ್ಟೇ. ಪಕ್ಕದ ಸೆಲ್ಲಾರ್ ಹತ್ತು ಹನ್ನೆರಡು ಅಡಿ ಇಳಿಯುತ್ತದೆ. ಅಂದರೆ ನಿಮ್ಮ ಪಾಯ ಕೂತಿರುವ ಮಣ್ಣಿನ ಪಕ್ಕದ ಆಸರೆಯೇ ಹೋಯಿತು. ದಿನಸಿ ಅಂಗಡಿಯಲ್ಲಿ ರಾಗಿ ರಾಶಿಯ ಬುಡಕ್ಕೆ ಸೇರು ಹಾಕಿ ತೆಗೆದರೆ ಮೇಲಿನದು ಜಾರುತ್ತದಲ್ವಾ? ಇದೂ ಹಾಗೇ.

ನಮ್ಮ ಕೆಂಪು ಮಣ್ಣು ಇನ್ನೊಂದು ಮೋಸ ಮಾಡುತ್ತದೆ. ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಮೇಸ್ತ್ರಿಗೆ ಧೈರ್ಯ ಬರುತ್ತದೆ. "ನೋಡಿ ಸರ್, ಕಲ್ಲಿನ ಥರ ಇದೆ, ಯಾವ ಸಪೋರ್ಟೂ ಬೇಡ" ಅನ್ನುತ್ತಾನೆ. ಸೆಪ್ಟೆಂಬರಿನಲ್ಲಿ ಎರಡು ರಾತ್ರಿ ಜೋರು ಮಳೆ ಬಂದರೆ ಅದೇ ಮಣ್ಣು ಗಂಜಿ ಆಗುತ್ತದೆ. ಉದ್ದಕ್ಕೂ ಒಂದೇ ಸಲ ಅಗೆಯದೆ ತುಂಡು ತುಂಡಾಗಿ ಅಗೆಯಬೇಕು, ಅಂಚಿಗೆ ಆಸರೆ ಕೊಡಬೇಕು. ಇದು ಅವರ ಎಂಜಿನಿಯರಿಗೆ ಗೊತ್ತಿರಬೇಕಾದ ವಿಷಯ, ಹಾಗಾಗಿ ಇಲ್ಲಿ ಹೆಚ್ಚು ಹೇಳುವುದಿಲ್ಲ.

ನಾನು ಹೇಳಬೇಕಿರುವುದು ಬಿರುಕಿನ ಬಗ್ಗೆ. ಬಿರುಕು ಇಲ್ಲದ ಹಳೇ ಮನೆಯನ್ನು ನಾನು ನೋಡಿಲ್ಲ. ತಾರಸಿಯ ಕೆಳಗೆ ಅಡ್ಡಕ್ಕೆ ಓಡುವ ಗೆರೆ ಸಾಮಾನ್ಯವಾಗಿ ಬಿಸಿಲಿನದು. ಜೇಡರ ಬಲೆಯ ಥರದ್ದು ಗಾರೆಯದು. ಹಳೇ ಕೋಣೆಗೆ ಹೊಸ ಕೋಣೆ ಸೇರಿಸಿದ ಕಡೆ ನೆಟ್ಟಗೆ ಒಂದು ಬಿರುಕು ಇದ್ದೇ ಇರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲಿನ ಹಾಗೆ ಹೋದರೆ ಪಾಯ ಕುಸಿದಿರಬಹುದು ಎಂಬ ಅನುಮಾನ ಬರುತ್ತದೆ. ಆದರೆ ಅದು ಈ ತಿಂಗಳು ಕುಸಿದದ್ದೋ, 30 ವರ್ಷದ ಹಿಂದೆಯೋ? ಅಂಚು ಚೂಪಾಗಿದೆಯೇ, ಒಳಗೆ ಧೂಳು, ಹಳೇ ಬಣ್ಣ ಇದೆಯೇ ಎಂದು ನೋಡಿ ಒಂದು ಅಂದಾಜು ಹೇಳಬಲ್ಲೆ. ಅಂದಾಜು ಮಾತ್ರ. ಎದುರಿನವರ ಎಂಜಿನಿಯರ್ ಬಂದು ಬೇರೆ ಅಂದಾಜು ಹೇಳುತ್ತಾರೆ. ಇಬ್ಬರದೂ ಬಾಯಿಮಾತು.

ದಕ್ಷಿಣ ಬೆಂಗಳೂರಿನಲ್ಲಿ ಒಬ್ಬ ಅಮ್ಮ ಇದ್ದಾರೆ. ಮೇಷ್ಟ್ರಾಗಿ ನಿವೃತ್ತಿ ಆದವರು, ಒಬ್ಬರೇ ಇರುತ್ತಾರೆ. ಕೆಂಪು ರೆಡ್ಡಾಕ್ಸೈಡ್ ನೆಲ ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುವ ಮನೆ. ಪಕ್ಕದಲ್ಲಿ ಅಗೆತ ಶುರುವಾದ ಮೂರು ವಾರಕ್ಕೆ ನಡುಮನೆ ಗೋಡೆ ಸೀಳಿತು. ನಾನು ಹೋಗುವ ಹೊತ್ತಿಗೆ ಅವರು ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿಬಿಟ್ಟಿದ್ದರು. ಮೊಮ್ಮಗಳ ನಾಮಕರಣ, ನೆಂಟರು ಬರುತ್ತಾರೆ, ಬಿರುಕು ಕಂಡರೆ ಚೆನ್ನಾಗಿರಲ್ಲ ಅಂತ. ಕಟ್ಟುವವರು ಬಂದು ಹೇಳಿದರು, "ಅಮ್ಮ, ಇದು ಮೊದಲಿಂದಲೂ ಇದ್ದಿದ್ದೇ." ಇರಲಿಲ್ಲ ಎಂದು ಅಮ್ಮನಿಗೆ ಗೊತ್ತು. 40 ವರ್ಷ ದಿನಾ ಆ ಗೋಡೆಯನ್ನು ನೋಡಿದ್ದಾರೆ. ಆದರೆ ತೋರಿಸಲು ಏನೂ ಇರಲಿಲ್ಲ. ರಿಪೇರಿಯ ದುಡ್ಡು ಅವರ ಪೆನ್ಷನ್ನಿನಿಂದಲೇ ಹೋಯಿತು. ನನಗೆ ಇವತ್ತಿಗೂ ಅದು ಹೊಟ್ಟೆ ಉರಿಸುತ್ತದೆ.

ಆದ್ದರಿಂದ ಕೇಳಿ. ಪಕ್ಕದವರು ಮನೆ ಒಡೆಯುವ ಸುದ್ದಿ ಬಂದ ದಿನವೇ ಮೊಬೈಲ್ ಹಿಡಿದು ನಿಮ್ಮ ಮನೆಯನ್ನು ಒಂದು ಸುತ್ತು ಹಾಕಿ. ಒಂದೊಂದು ಕೋಣೆಯ ನಾಲ್ಕೂ ಗೋಡೆ, ನೆಲ, ಸೂರು. ಹೊರಗೆ ಕಾಂಪೌಂಡು, ಸಜ್ಜಾ, ತಾರಸಿ, ಸಂಪಿನ (ನೆಲದಡಿಯ ನೀರಿನ ತೊಟ್ಟಿಯ) ಒಳಗೋಡೆ. ಇರುವ ಬಿರುಕಿನ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಹಿಡಿದು ಹತ್ತಿರದಿಂದ ಒಂದು ಫೋಟೋ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ.

ಜನ ತಪ್ಪುವುದು ಇಲ್ಲೇ. ಬಿರುಕಿರುವ ಗೋಡೆಯ ಫೋಟೋ ಮಾತ್ರ ತೆಗೆಯುತ್ತಾರೆ. "ಏನೂ ಇಲ್ಲದ ಗೋಡೆದು ಯಾಕೆ ಸರ್?" ಅನ್ನುತ್ತಾರೆ. ಅಯ್ಯೋ, ಅದೇ ಮುಖ್ಯ! ನಾಳೆ ಬಿರುಕು ಬರುವುದು ಇವತ್ತು ಏನೂ ಇಲ್ಲದ ಗೋಡೆಯಲ್ಲಿ. ಇವತ್ತು ಅಲ್ಲಿ ಏನೂ ಇರಲಿಲ್ಲ ಅಂತ ಹೇಳುವ ಸಾಕ್ಷಿ ಆ ಖಾಲಿ ಗೋಡೆಯ ಫೋಟೋ ಒಂದೇ. ಅಮ್ಮನ ಹತ್ತಿರ ಅಂಥ ಒಂದು ಫೋಟೋ ಇದ್ದಿದ್ದರೆ ಸಾಕಿತ್ತು. ಚೆನ್ನಾಗಿರುವ ಗೋಡೆಯನ್ನೇ ಮೊದಲು ತೆಗೆಯಿರಿ.

ಎಲ್ಲವನ್ನೂ ಆ ದಿನವೇ ಇಮೇಲಿನಲ್ಲಿ ನಿಮಗೂ ಪಕ್ಕದವರಿಗೂ ಕಳಿಸಿ. ಸಾಧ್ಯವಾದರೆ ಅವರನ್ನು ಮನೆಗೆ ಕರೆದು, ಜೊತೆಗೇ ನೋಡಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆ ಹಾಳೆಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಅನ್ನುವುದು ವಕೀಲರು ಹೇಳಬೇಕಾದ ಮಾತು. ಆದರೆ ನಾನು ನೋಡಿದ ಮಟ್ಟಿಗೆ, ಹಾಳೆ ಇದ್ದ ಕಡೆ ಮಾತು ಕೋರ್ಟಿನವರೆಗೆ ಹೋಗಿದ್ದು ಕಡಿಮೆ.

"ಅಷ್ಟು ವರ್ಷದ ನೆರೆಯವರು, ಬೇಜಾರು ಮಾಡ್ಕೊಳ್ತಾರೆ" ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಆ ಸಂಕೋಚವಿರುವ ಜನರೇ ನನಗೆ ಇಷ್ಟ ಕೂಡ. ಆದರೆ ಅವರ ಕಡೆಯಿಂದಲೂ ಯೋಚಿಸಿ. ನಿಮ್ಮ 30 ವರ್ಷದ ಹಳೇ ಬಿರುಕು ನಾಳೆ ಅವರ ತಲೆಗೆ ಬರಬಾರದಲ್ವಾ? ನಾನು ಕಟ್ಟುವವರ ಕಡೆ ಕೆಲಸ ಮಾಡುವಾಗ ಅಕ್ಕಪಕ್ಕದ ಮನೆಗಳ ಫೋಟೋ ನಾನೇ ಕೇಳಿ ತೆಗೆಸುತ್ತೇನೆ.

ಸಂಪಿನ ಮಾತು ಹೇಳಿದೆನಲ್ಲ, ಅದನ್ನು ಮರೆಯಬೇಡಿ. ಮಣ್ಣು ಕೂದಲೆಳೆಯಷ್ಟು ಜರುಗಿದರೂ ಹಳೇ ಸಂಪು ಒಡೆಯಬಹುದು. ಹಳೇ ಒಳಚರಂಡಿ ಪೈಪೂ ಅಷ್ಟೇ. ಸೋರಿದ ನೀರು ಅದೇ ಮಣ್ಣಿಗೆ ಇಳಿಯುತ್ತದೆ, ಮಣ್ಣು ಮೆತ್ತಗಾಗುತ್ತದೆ, ಇನ್ನಷ್ಟು ಜರುಗುತ್ತದೆ. ಒಂದು ಮನೆಯಲ್ಲಿ ಗೋಡೆ ಬಿರುಕು ಬಿಡುವ ಹತ್ತು ದಿನ ಮೊದಲೇ ಮನೆಯೊಡತಿ ಹೇಳಿದ್ದರು, "ಯಾಕೋ ಸಂಪಿನ ನೀರು ಬೇಗ ಖಾಲಿ ಆಗ್ತಿದೆ" ಅಂತ. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಾಟ್ಸಾಪಿನಲ್ಲಿ ಬಿರುಕಿನ ಫೋಟೋ ಕಳಿಸಿ "ಡೇಂಜರಾ ಸರ್?" ಎಂದು ಕೇಳಬೇಡಿ. ನೋಡದೆ ಹೇಳಲಾರೆ, ಹೇಳಬಾರದು. ಹೊಸ ಬಿರುಕಿನ ಮೇಲೆ ತೆಳ್ಳನೆ ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಾರೆಯಿಂದ ಕೂರಿಸಿ. ಗಾಜು ಸೀಳಿದರೆ ಗೋಡೆ ಇನ್ನೂ ಜರುಗುತ್ತಿದೆ ಅಂತ. ಎಂಜಿನಿಯರ್ ಬಂದು ನೋಡುವ ತನಕ ಪುಟ್ಟಿ ಹಚ್ಚಬೇಡಿ. ಆದರೆ ಬಿರುಕು ಒಂದೇ ದಿನದಲ್ಲಿ ಅಗಲವಾದರೆ, ನಿನ್ನೆ ಮುಚ್ಚುತ್ತಿದ್ದ ಬಾಗಿಲು ಇವತ್ತು ಬಿಗಿಯಾದರೆ, ಗೋಡೆಯೊಳಗೆ ಚಟಪಟ ಸದ್ದು ಬಂದರೆ, ಫೋಟೋ ಗೀಟೋ ಬಿಟ್ಟು ಎಲ್ಲರೂ ಹೊರಗೆ ಬನ್ನಿ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಕಟ್ಟಡ ಕುಸಿದಾಗ ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವ ಉಳಿಯಿತು.

ಕಳೆದ ತಿಂಗಳು ಅದೇ ಅಮ್ಮ ಮತ್ತೆ ಫೋನ್ ಮಾಡಿದ್ದರು. ಈ ಸಲ ಹಿಂದಿನ ಮನೆ ಒಡೆಯುತ್ತಿದ್ದಾರಂತೆ. "ಫೋಟೋ ಎಲ್ಲ ತೆಗೆದಿದ್ದೀನಿ ಕಣಪ್ಪ, 140 ಆಯ್ತು, ಜಾಸ್ತಿ ಆಯ್ತಾ?" ಎಂದು ಕೇಳಿದರು. ಜಾಸ್ತಿ ಆಗಿಲ್ಲ ಅಮ್ಮ, ಸಂಪಿನದೂ ಒಂದು ತೆಗೆದುಬಿಡಿ ಎಂದೆ.