ಬಾಯಾರಿದ ಮೇಲೆ ತೋಡುವ ಬಾವಿ: ಡ್ರಾಫ್ಟ್ ಮತ್ತು ಆಫೆನ್ಸಿವ್ ಲೈನ್

ಏಪ್ರಿಲ್ ಎಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಡ್ರಾಫ್ಟ್‌ನ ತಿಂಗಳು. ಅದು ಬಂತೆಂದರೆ ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾ ಕಡೆಯ ಕನ್ನಡದ ಗೆಳೆಯರದು ಒಂದೇ ಪ್ರಶ್ನೆ: “ನಮ್ಮ ಕ್ವಾರ್ಟರ್‌ಬ್ಯಾಕ್ ಹೋದ ಸೀಸನ್ ಪೂರ್ತಿ ಏಟು ತಿಂದು ಹಣ್ಣಾದ. ಮೊದಲ ಸುತ್ತಿನಲ್ಲೇ ಒಬ್ಬ ಟ್ಯಾಕಲ್‌ನನ್ನು ಆರಿಸಿಕೊಂಡರೆ ಸರಿಹೋಗುತ್ತದೆ ಅಲ್ವಾ ಸಾರ್?” (ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು ಆಫೆನ್ಸಿವ್ ಲೈನ್: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಎರಡೂ ತುದಿಗೆ ಟ್ಯಾಕಲ್‌ಗಳು.) ಸೆಪ್ಟೆಂಬರ್‌ನಲ್ಲಿ ಅದೇ ಗೆಳೆಯರಿಂದ ಹದಿನೈದು ಸೆಕೆಂಡಿನ ಒಂದು ವಿಡಿಯೊ ಬರುತ್ತದೆ. ಆ ಹೊಸ ಹುಡುಗನನ್ನು ದಾಟಿ ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎದುರಾಳಿ, ಎಡ್ಜ್ ರಶರ್ ಒಬ್ಬ ಒಳನುಗ್ಗಿರುತ್ತಾನೆ. ಕೆಳಗೆ ಒಂದೇ ಪದ ಬರೆದಿರುತ್ತಾರೆ: “ದಂಡ.”

ಸರಿಹೋಗುವುದಿಲ್ಲ. ಈ ವರ್ಷದ ತೂತನ್ನು ಈ ವರ್ಷದ ಡ್ರಾಫ್ಟ್ ಮುಚ್ಚುವುದಿಲ್ಲ. ಇವತ್ತು ಆರಿಸುವ ಲೈನ್‌ಮನ್ ಇನ್ನೆರಡು ವರ್ಷದ ನಂತರದ ಲೈನಿಗೆ ಬೇಕಾದವನು. ಇದಕ್ಕೆ ಅಪವಾದಗಳಿವೆ, ಅವುಗಳ ಮಾತು ಮುಂದೆ ಬರುತ್ತದೆ. ಆದರೆ ಅಪವಾದವನ್ನೇ ಲೆಕ್ಕವೆಂದು ನಂಬಿ ತಂಡ ಕಟ್ಟಿದವರು ಬಾಯಾರಿದ ಮೇಲೆ ಬಾವಿ ತೋಡಲು ಹೊರಟವರು.

2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ಅನ್ನು 40-22ರಿಂದ ಸೋಲಿಸಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತಲ್ಲ, ಆ ಪಂದ್ಯ ಆರಂಭಿಸಿದ ಐವರನ್ನು ಎಡದಿಂದ ಎಣಿಸಿ ನೋಡಿ. ಜೋರ್ಡನ್ ಮೈಲಾಟಾ: 2018ರ ಏಳನೇ ಸುತ್ತು, 233ನೇ ಆಯ್ಕೆ. ಲ್ಯಾಂಡನ್ ಡಿಕರ್ಸನ್: 2021ರ ಎರಡನೇ ಸುತ್ತು. ಕ್ಯಾಮ್ ಜರ್ಗನ್ಸ್: 2022ರ ಎರಡನೇ ಸುತ್ತು. ಮೆಕೈ ಬೆಕ್ಟನ್: 2020ರಲ್ಲಿ ಜೆಟ್ಸ್ ತಂಡ 11ನೆಯವನಾಗಿ ಆರಿಸಿ, ಟ್ಯಾಕಲ್ ಆಗಿ ಬಳಸಿ, ಗಾಯಗಳ ನಂತರ ಕೈಬಿಟ್ಟವನು, ಈಗಲ್ಸ್ ಅವನನ್ನು ಗಾರ್ಡ್ ಮಾಡಿತು. ಲೇನ್ ಜಾನ್ಸನ್: 2013ರ ನಾಲ್ಕನೇ ಆಯ್ಕೆ. ಆ ಸೀಸನ್ನಿನ ರೂಕಿ, ಅಂದರೆ ಮೊದಲ ವರ್ಷದ ಆಟಗಾರ, ಒಬ್ಬನೂ ಇಲ್ಲ, ಅದರ ಹಿಂದಿನ ವರ್ಷದವನೂ ಇಲ್ಲ. ಎಲ್ಲರಿಗಿಂತ ಈಚಿನವನಾದ ಜರ್ಗನ್ಸ್ ಮೊದಲ ವರ್ಷ ಹಿರಿಯ ಸೆಂಟರ್ ಜೇಸನ್ ಕೆಲ್ಸಿಯ ಹಿಂದೆ ಬೆಂಚಿನಲ್ಲಿ ಕೂತ, ಎರಡನೇ ವರ್ಷ ಬಲಗಾರ್ಡ್ ಆಡಿದ, ಕೆಲ್ಸಿ ನಿವೃತ್ತಿಯಾದ ಮೇಲೆ ಮೂರನೇ ವರ್ಷ ಸೆಂಟರ್ ಆದ. ಮಲೆನಾಡಿನ ತೋಟದವರು ಹಳೆಯ ಅಡಿಕೆ ಮರ ಇನ್ನೂ ಫಸಲು ಕೊಡುತ್ತಿರುವಾಗಲೇ ಬುಡದಲ್ಲಿ ಹೊಸ ಸಸಿ ನೆಡುವುದಿಲ್ಲವೇ, ಹಾಗೆ.

ಮೈಲಾಟಾ ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಆಡುತ್ತಿದ್ದವನು. ಡ್ರಾಫ್ಟ್ ಆದ ದಿನದವರೆಗೆ ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಕೈಯಲ್ಲಿ ಎರಡು ವರ್ಷ ಪಳಗಿ, 2020ರಲ್ಲಿ ಮೊದಲ ಸಲ ಆರಂಭಿಕನಾದ. ಅದೇ ತಂಡ 2019ರ ಮೊದಲ ಸುತ್ತಿನಲ್ಲಿ 22ನೆಯವನಾಗಿ ಆಂಡ್ರೆ ಡಿಲರ್ಡ್ ಎಂಬ ಎಡಟ್ಯಾಕಲ್‌ನನ್ನು ಆರಿಸಿತ್ತು. 2021ರ ಸೀಸನ್ ಮುಂಚಿನ ಅಭ್ಯಾಸ ಕ್ಯಾಂಪಿನಲ್ಲಿ ಇಬ್ಬರಿಗೂ ಪೈಪೋಟಿ ಇಟ್ಟಾಗ ಗೆದ್ದವನು ಏಳನೇ ಸುತ್ತಿನವನು.

ಯಾಕೆ ಇಷ್ಟು ಕಾಲ ಹಿಡಿಯುತ್ತದೆ? ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಪಾಸ್ ಹಿಡಿಯುವ ರಿಸೀವರ್ ತನ್ನ ಕೆಲಸದ ದೊಡ್ಡ ಪಾಲನ್ನು ಮೇ ತಿಂಗಳಲ್ಲಿ ಚಡ್ಡಿ, ಟೀ ಶರ್ಟಿನಲ್ಲೇ ಕಲಿಯಬಹುದು. ಲೈನಿನ ಕೆಲಸ ಮೈಗೆ ಮೈ ತಾಗದೆ ಬರುವುದಿಲ್ಲ. ಆದರೆ ಮೇ, ಜೂನ್ ಅಭ್ಯಾಸದಲ್ಲಿ ಪ್ಯಾಡ್ ಇಲ್ಲ, ಡಿಕ್ಕಿಯೂ ಇಲ್ಲ. ಆಟಗಾರರ ಸಂಘದೊಂದಿಗಿನ 2020ರ ಒಪ್ಪಂದದಂತೆ ಕ್ಯಾಂಪಿನಲ್ಲಿ ಪ್ಯಾಡ್ ತೊಟ್ಟ ಅಭ್ಯಾಸ ಹೆಚ್ಚೆಂದರೆ 16 ಸಲ. ಸೀಸನ್ ಶುರುವಾದ ಮೇಲೆ ಕೊನೆಯವರೆಗೂ ಸೇರಿ 14. ಆಟಗಾರರ ಮೈಯನ್ನು ಉಳಿಸುವ ಒಳ್ಳೆಯ ನಿಯಮ ಅದು, ನನ್ನ ತಕರಾರಿಲ್ಲ. ಆದರೆ 140 ಕಿಲೊದ ಎದುರಾಳಿ ತಳ್ಳಿಕೊಂಡು ಬಂದಾಗ ಸೊಂಟ ಇಳಿಸಿ ನೆಲಕಚ್ಚಿ ನಿಲ್ಲುವುದನ್ನು ಹುಡುಗ ಕಲಿಯಬೇಕಾದದ್ದು ಈ ಮೂವತ್ತು ದಿನಗಳಲ್ಲೇ. ಆ ದಿನಗಳನ್ನೂ ಹಿರಿಯರೊಂದಿಗೆ ಹಂಚಿಕೊಳ್ಳಬೇಕು.

ಕಾಲೇಜಿನಿಂದ ಅವನು ತರುವ ಗಂಟೂ ಈಗ ಬೇರೆ. ಅಲ್ಲಿ ಬಹುಪಾಲು ತಂಡಗಳಲ್ಲಿ ಟ್ಯಾಕಲ್ ಕೈ ನೆಲಕ್ಕೂರದೆ, ಎರಡು ಕಾಲ ಮೇಲೇ ನಿಂತು ಆಟ ಶುರುಮಾಡುತ್ತಾನೆ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಿಂದ ಬೇಗ ಹೋಗುತ್ತದೆ: ಸ್ಕ್ರೀನ್ ಎಂಬ ಗಿಡ್ಡ ಪಾಸ್, ಆರ್‌ಪಿಓ (ಓಟವೋ ಪಾಸೋ ಎಂದು ಕ್ವಾರ್ಟರ್‌ಬ್ಯಾಕ್ ಕೊನೆ ಗಳಿಗೆಯಲ್ಲಿ ತೀರ್ಮಾನಿಸುವ ಆಟ), ಒಂದೇ ನೋಟದ ಪಾಸ್. ಆರ್‌ಪಿಓದಲ್ಲಿ ಲೈನಿನವರು ಓಟದ ಆಟವೆಂದೇ ಮುಂದಕ್ಕೆ ಹಾಯುತ್ತಾರೆ. ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ (ಡೌನ್) ಮೂರನೆಯದು, ಇನ್ನೂ ಹತ್ತು ಗಜ ಬೇಕು, ಪಾಸ್ ಎಂದು ಇಡೀ ಸ್ಟೇಡಿಯಮ್ಮಿಗೆ ಗೊತ್ತು, ಚೆಂಡು ಹೋಗುವ ತನಕ ಮೂರು ಸೆಕೆಂಡ್ ಹಿಂದೆ ಸರಿಯುತ್ತ ತಡೆಯಬೇಕು ಎನ್ನುವ ಸಂದರ್ಭ ಅವನಿಗೆ ಕಾಲೇಜಿನಲ್ಲಿ ಪಂದ್ಯಕ್ಕೆ ಕೆಲವೇ ಸಲ ಬಂದಿರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅವನ ಹಣೆಬರಹ ತೀರ್ಮಾನವಾಗುವುದೇ ಅಂಥ ಸ್ನ್ಯಾಪ್‌ಗಳಲ್ಲಿ, ಅಂದರೆ ಅಂಥ ಒಂದೊಂದು ಬಿಡಿ ಆಟದಲ್ಲಿ.

ಅಲ್ಲಿ ಏನು ಕೆಡುತ್ತದೆ? ಎಡಟ್ಯಾಕಲ್ ಬಲಗಾಲಿನಿಂದ ನೆಲ ಒದ್ದು ಎಡಗಾಲನ್ನು ಹಿಂದಕ್ಕೆ ಜಾರಿಸುತ್ತಾನೆ, ಕಿಕ್ ಸ್ಲೈಡ್ ಎನ್ನುವುದು ಇದಕ್ಕೇ. ರಶರ್‌ನ ವೇಗಕ್ಕೆ ಹೆದರಿದ ಹುಡುಗ ಬೇಕಾದ್ದಕ್ಕಿಂತ ಹೊರಕ್ಕೆ ಜಾರುತ್ತಾನೆ, ಅಥವಾ ಸೊಂಟವನ್ನು ಬೇಗ ತಿರುಗಿಸಿಬಿಡುತ್ತಾನೆ. ಬಾಗಿಲು ತೆರೆದಂತಾಗಿ ರಶರ್ ಒಳಗೆ ನುಸುಳುತ್ತಾನೆ. ಮುಂದಿನ ವಾರ ಒಳಗಿನ ದಾರಿಗೆ ಹೆದರಿ ಕಡಿಮೆ ಜಾರುತ್ತಾನೆ. ಈಗ ಹೊರಗಿನಿಂದ ಸೋಲು. ಕೈಗಳ ತಪ್ಪು ಇನ್ನೊಂದು. ಕಾಲೇಜಿನಲ್ಲಿ ಎರಡೂ ಕೈ ಒಟ್ಟಿಗೆ ಎದೆಗೆ ಗುದ್ದಿದರೆ ಸಾಕಿತ್ತು. ಇಲ್ಲಿ ರಶರ್ ಆ ಎರಡೂ ಕೈಯನ್ನು ಒಂದೇ ಏಟಿಗೆ ಕೊಚ್ಚಿಹಾಕಿದರೆ ಹುಡುಗನ ಭಾರ ಮುಂದಕ್ಕೆ ಬಿದ್ದು ಹೋಗುತ್ತದೆ. ಒಂದು ಕೈ ತೋರಿಸಿ ಇನ್ನೊಂದನ್ನು ತಡೆಹಿಡಿದು, ರಶರ್‌ನ ಕೈ ಮೊದಲು ಖರ್ಚಾಗುವಂತೆ ಮಾಡುವುದು ವರ್ಷಗಟ್ಟಲೆಯ ಕಲಿಕೆ.

ಎಡದಿಂದ ಬಲಕ್ಕೆ ಬದಲಾಯಿಸಿದರೆ ಕಾಲು, ಕೈ, ಸೊಂಟ ಎಲ್ಲವೂ ತಿರುವುಮುರುವು. “ಎಡದಲ್ಲಿ ಆಡಿದವನಿಗೆ ಬಲ ಏನು ಮಹಾ” ಎನ್ನುವವರು ಎಡಗೈಯಲ್ಲಿ ಒಂದು ಪುಟ ಬರೆದು ನೋಡಲಿ. ಅಲಬಾಮಾದಲ್ಲಿ ಇವಾನ್ ನೀಲ್ 2019ರಲ್ಲಿ ಎಡಗಾರ್ಡ್, 2020ರಲ್ಲಿ ಬಲಟ್ಯಾಕಲ್, 2021ರಲ್ಲಿ ಎಡಟ್ಯಾಕಲ್. 2022ರಲ್ಲಿ ಏಳನೇ ಆಯ್ಕೆಯಾಗಿ ಜೈಂಟ್ಸ್‌ಗೆ ಬಂದ ಕೂಡಲೇ ಮತ್ತೆ ಬಲಟ್ಯಾಕಲ್. ಮೇಲೆ ಗಾಯಗಳು. ಅವನು ಮುಗ್ಗರಿಸಿದ್ದಕ್ಕೆ ಇದೊಂದೇ ಕಾರಣ ಎನ್ನಲಾರೆ, ಆದರೆ ಅವನನ್ನು ಹೀಯಾಳಿಸಿದವರು ಈ ಪಟ್ಟಿಯನ್ನೂ ಒಮ್ಮೆ ನೋಡಬೇಕಿತ್ತು.

ಇವೆಲ್ಲ ಒಬ್ಬನ ಕೆಲಸ. ನಿಜವಾಗಿ ಕಷ್ಟ ಇರುವುದು ಇಬ್ಬರ ಕೆಲಸದಲ್ಲಿ. ಟ್ವಿಸ್ಟ್ ಎಂಬ ತಂತ್ರ ತೆಗೆದುಕೊಳ್ಳಿ. ಎದುರಾಳಿ ಲೈನಿನ ಒಳಗಿನವನಾದ ಡಿಫೆನ್ಸಿವ್ ಟ್ಯಾಕಲ್ ನಿಮ್ಮ ಗಾರ್ಡ್ ಮುಂದಿನಿಂದ ಓರೆಯಾಗಿ ಹೊರಕ್ಕೆ, ನಿಮ್ಮ ಟ್ಯಾಕಲ್‌ನ ಒಳಭುಜಕ್ಕೆ ಹಾಯುತ್ತಾನೆ. ಹೊರಗಿದ್ದ ರಶರ್, ಅಂದರೆ ಎಂಡ್, ಅವನ ಬೆನ್ನ ಹಿಂದಿನಿಂದ ಸುತ್ತಿ ಒಳಕ್ಕೆ ಬರುತ್ತಾನೆ. ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ದಾಟಿಸಿ, ಸುತ್ತಿ ಬರುವವನಿಗೆ ಕಾದು ನಿಲ್ಲಬೇಕು. ದಾಟಿಸಬೇಕಾದರೆ ಇಬ್ಬರೂ ಒಂದೇ ಆಳದಲ್ಲಿ, ಭುಜಕ್ಕೆ ಭುಜ ಸಮನಾಗಿ ಇರಬೇಕು. ಟ್ಯಾಕಲ್ ಆದ ಹುಡುಗ ಒಂದು ಗಜ ಹೆಚ್ಚು ಹಿಂದೆ ಜಾರಿದ್ದರೆ, ಎಂಡ್‌ನ ಬೆನ್ನಟ್ಟಿ ಹೊರಕ್ಕೆ ಎರಡಡಿ ಹೆಚ್ಚು ಹೋಗಿದ್ದರೆ, ಇಬ್ಬರ ನಡುವೆ ಸಂದಿ ಬಿದ್ದು ಡಿಫೆನ್ಸಿವ್ ಟ್ಯಾಕಲ್ ಅದರಲ್ಲೇ ತೂರುತ್ತಾನೆ. ಟಿವಿಯಲ್ಲಿ ಗಾರ್ಡ್ ಸೋತಂತೆ ಕಾಣುತ್ತದೆ. ತಪ್ಪು ಟ್ಯಾಕಲ್‌ನದು. ಕಬಡ್ಡಿಯಲ್ಲಿ ಕೈ ಹಿಡಿದ ಜೋಡಿಯಲ್ಲಿ ಒಬ್ಬ ಅರ್ಧ ಹೆಜ್ಜೆ ಮುಂದಾದರೆ ರೈಡರ್ ಯಾವ ಸಂದಿಯಲ್ಲಿ ಪಾರಾಗುತ್ತಾನೆಂದು ನಮ್ಮವರಿಗೆ ಹೇಳಬೇಕಿಲ್ಲ. ಈ ಹೊಂದಾಣಿಕೆ ಅದೇ ಇಬ್ಬರು ಅಕ್ಕಪಕ್ಕ ನೂರಾರು ಸಲ ಆಡಿದರೆ ಮಾತ್ರ ಬರುತ್ತದೆ. ಮೊದಲ ಸುತ್ತಿನ ಪ್ರತಿಭೆ ಅದನ್ನು ಹೊತ್ತು ತರುವುದಿಲ್ಲ, ತರಲು ಸಾಧ್ಯವೂ ಇಲ್ಲ.

ಕಾದರೆ ಏನಾಗುತ್ತದೆ ಎನ್ನುವುದಕ್ಕೆ ಆಂಡ್ರೂ ಥಾಮಸ್. 2020ರಲ್ಲಿ ನಾಲ್ಕನೇ ಆಯ್ಕೆ, ಆ ವರ್ಷದ ಮೊದಲ ಟ್ಯಾಕಲ್. ಸೀಸನ್ ನಡುವೆಯೇ ಜೈಂಟ್ಸ್ ಲೈನ್ ಕೋಚ್ ಬದಲಾದರು. ಥಾಮಸ್ ತಡವರಿಸಿದ, ಪಾದದ ಗಂಟು ನೋವಿನಲ್ಲೇ ಆಡಿ ನಂತರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಹದಿಮೂರನೆಯವನಾಗಿ ಟ್ಯಾಂಪಾ ಬೇ ಸೇರಿದ ಟ್ರಿಸ್ಟನ್ ವರ್ಫ್ಸ್ ಅದೇ ಸೀಸನ್ನಿನಲ್ಲಿ ಸೂಪರ್ ಬೌಲ್ ಗೆದ್ದ. ಜೈಂಟ್ಸ್ ತವರಾದ ಮೆಟ್‌ಲೈಫ್ ಸ್ಟೇಡಿಯಮ್ಮಿನ ಚಳಿಯಲ್ಲಿ ಕೂತವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಆದರೆ 2022ರಲ್ಲಿ ಥಾಮಸ್ ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್-ಪ್ರೊದ ಎರಡನೇ ತಂಡದಲ್ಲಿದ್ದ, 2023ರಲ್ಲಿ 5 ವರ್ಷಕ್ಕೆ 11.75 ಕೋಟಿ ಡಾಲರಿನ ಒಪ್ಪಂದವಾಯಿತು. ಮೊದಲ ವರ್ಷವೇ “ದಂಡ” ಎಂದವರ ಮಾತು ಕೇಳಿದ್ದರೆ ತಂಡ ಅವನನ್ನು ಕಳೆದುಕೊಳ್ಳುತ್ತಿತ್ತು.

ಹಾಗಾದರೆ ವರ್ಫ್ಸ್ ಹೇಗೆ ಆಡಿದ ಎನ್ನುತ್ತೀರಿ. ಆಡಿದ, 2021ರಲ್ಲಿ ರಶಾನ್ ಸ್ಲೇಟರ್ ಕೂಡ ಚಾರ್ಜರ್ಸ್‌ಗೆ ಮೊದಲ ವರ್ಷವೇ ಚೆನ್ನಾಗಿ ಆಡಿದ. ಚೀಫ್ಸ್ ಉದಾಹರಣೆಯನ್ನೂ ಕೊಡುತ್ತಾರೆ. 2021ರ ಫೆಬ್ರುವರಿಯ ಸೂಪರ್ ಬೌಲಿನಲ್ಲಿ ಎರಡೂ ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದು 31-9ರಿಂದ ಸೋತ ಚೀಫ್ಸ್, ಮುಂದಿನ ಸೀಸನ್ನಿಗೆ ಐವರನ್ನೂ ಬದಲಿಸಿತು. ಅದರಲ್ಲಿ ಇಬ್ಬರು ರೂಕಿಗಳು: ಎರಡನೇ ಸುತ್ತಿನ ಸೆಂಟರ್ ಕ್ರೀಡ್ ಹಂಫ್ರಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆಯಿಂದಾಗಿ ಆರನೇ ಸುತ್ತಿಗೆ ಜಾರಿದ್ದ ಗಾರ್ಡ್ ಟ್ರೇ ಸ್ಮಿತ್. ಆದರೆ ಎಡಟ್ಯಾಕಲ್‌ಗೆ ಓರ್ಲ್ಯಾಂಡೊ ಬ್ರೌನ್‌ನನ್ನು ಬಾಲ್ಟಿಮೋರ್‌ನಿಂದ ಟ್ರೇಡ್ ಮಾಡಿ ತಂದರು, ಎಡಗಾರ್ಡ್‌ಗೆ ಅನುಭವಿ ಜೋ ತೂನಿಯನ್ನು ದುಡ್ಡು ಸುರಿದು ಕೊಂಡರು. ಹಂಫ್ರಿಯ ಎಡಗೈಗೆ ತೂನಿ ಇದ್ದ. ಒಳಗಿನ ಮೂವರಿಗೆ ಎರಡೂ ಬದಿಯಲ್ಲಿ ಆಸರೆ ಇರುತ್ತದೆ. ಟ್ಯಾಕಲ್‌ಗೆ ಹೊರಬದಿಯಲ್ಲಿ ಯಾರೂ ಇಲ್ಲ. ಒಬ್ಬ ರೂಕಿ ಮೊದಲ ದಿನದಿಂದ ಆಡಲೇಬೇಕಾಗಿ ಬಂದರೆ ಅವನು ಒಳಗಿನವನಾಗಿ, ಪಕ್ಕದಲ್ಲಿ ಒಬ್ಬ ಹಿರಿಯ ಇರುವುದು ಕಡಿಮೆ ಅಪಾಯದ ದಾರಿ.

ಸಿನ್ಸಿನಾಟಿಯ ಜಗಳ ಇನ್ನೂ ಮುಗಿದಿಲ್ಲ. 2021ರಲ್ಲಿ ಐದನೇ ಆಯ್ಕೆ ಕೈಯಲ್ಲಿದ್ದಾಗ ಬೆಂಗಲ್ಸ್ ತಂಡ ಟ್ಯಾಕಲ್ ಪೆನೆ ಸೂಯೆಲ್‌ನನ್ನು ಬಿಟ್ಟು ರಿಸೀವರ್ ಜಾಮಾರ್ ಚೇಸ್‌ನನ್ನು ಆರಿಸಿತು. ಆ ಸೀಸನ್ನಿನಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋ 51 ಸಲ ಸ್ಯಾಕ್ ಆದ (ಚೆಂಡು ಎಸೆಯುವ ಮೊದಲೇ ನೆಲಕ್ಕುರುಳಿದ), ಪ್ಲೇಆಫ್‌ನಲ್ಲಿ ಇನ್ನೂ 19 ಸಲ, ಆದರೂ ತಂಡ ಸೂಪರ್ ಬೌಲ್ ಮುಟ್ಟಿತು. ಸೂಯೆಲ್ ಬಂದಿದ್ದರೆ ಆ 70 ತಪ್ಪುತ್ತಿತ್ತು ಎನ್ನುವವರಿಗೆ ಹೇಳುವುದಿಷ್ಟು: ಅವನು ಐದರಲ್ಲಿ ಒಬ್ಬನಾಗುತ್ತಿದ್ದ, ಉಳಿದ ನಾಲ್ವರು ಅವರೇ. ಡೆಟ್ರಾಯಿಟ್‌ನಲ್ಲಿ ಸೂಯೆಲ್ ಆಲ್-ಪ್ರೊ ಮೊದಲ ತಂಡಕ್ಕೆ ಏರಿದ್ದು ಮೂರನೇ ಸೀಸನ್ನಿನಲ್ಲಿ. ಬೆಂಗಲ್ಸ್ ತಪ್ಪಿದ್ದು ಚೇಸ್‌ನನ್ನು ಆರಿಸಿದ್ದರಲ್ಲಲ್ಲ; ಅಲೆಕ್ಸ್ ಕಾಪಾ, ಟೆಡ್ ಕ್ಯಾರಸ್, ಲಾಯೆಲ್ ಕಾಲಿನ್ಸ್ ತರಹದ ಅನುಭವಿಗಳನ್ನು 2022ರ ಮಾರ್ಚಿನ ತನಕ ಕೊಳ್ಳದೆ ಇದ್ದದ್ದರಲ್ಲಿ. ಇವತ್ತಿನ ತೂತಿಗೆ, ಒಪ್ಪಂದ ಮುಗಿದ ಅನುಭವಿಗಳನ್ನು ಕೊಳ್ಳುವ ಮಾರ್ಚ್ ತಿಂಗಳಿದೆ. ಏಪ್ರಿಲ್ ಬೇರೆಯದಕ್ಕೆ.

ಏಪ್ರಿಲ್‌ನಲ್ಲಿ ಮಾಡಬೇಕಾದ ಲೆಕ್ಕ ಸರಳ. ನಿಮ್ಮ ಐವರ ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಎರಡು ವರ್ಷದಲ್ಲಿ ಯಾವ ಜಾಗ ಖಾಲಿಯಾಗುತ್ತದೋ ಈ ಸಲ ಆರಿಸುವುದು ಆ ಜಾಗಕ್ಕೆ. ಎರಡನೇ ಸುತ್ತಿನಿಂದ ಐದನೆಯದರೊಳಗೆ ವರ್ಷಕ್ಕೆ ಒಬ್ಬನಾದರೂ ಇರಲಿ. ಪಂದ್ಯದ ದಿನ ಎಂಟು ಲೈನ್‌ಮನ್‌ಗಳನ್ನು ಸಜ್ಜಾಗಿಟ್ಟರೆ ಮಾತ್ರ 48 ಆಟಗಾರರಿಗೆ ಅವಕಾಶ, ಇಲ್ಲದಿದ್ದರೆ 47. ಹೀಗಾಗಿ ಐವರ ಹಿಂದೆ ಮೂವರಿಗೆ ಜಾಗವಿದೆ: ಎರಡೂ ಬದಿ ಆಡಬಲ್ಲ ಟ್ಯಾಕಲ್ ಒಬ್ಬ, ಸೆಂಟರ್ ಮತ್ತು ಗಾರ್ಡ್ ಎರಡೂ ಬಲ್ಲವನೊಬ್ಬ, ಮೂರನೆಯವನು ನಿಮ್ಮ ಹುಡುಗ.

ರೂಕಿ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಮಾತ್ರ ಐದನೇ ವರ್ಷದ ಆಯ್ಕೆ ತಂಡದ ಕೈಯಲ್ಲಿರುತ್ತದೆ, ಅದನ್ನು ಮೂರನೇ ಸೀಸನ್ ಮುಗಿದ ಮೇಲಿನ ಮೇ ತಿಂಗಳ ಆರಂಭದೊಳಗೆ ತೀರ್ಮಾನಿಸಬೇಕು. ಇಲ್ಲೊಂದು ತೊಡಕಿದೆ. ಆ ಸಂಬಳ ನಿಗದಿ ಮಾಡುವಾಗ ಸೆಂಟರ್, ಗಾರ್ಡ್, ಟ್ಯಾಕಲ್ ಎಲ್ಲರನ್ನೂ ಒಂದೇ ಗುಂಪಾಗಿ ಎಣಿಸುತ್ತಾರೆ. ಟ್ಯಾಕಲ್‌ಗಳ ದುಬಾರಿ ಬೆಲೆ ಸೆಂಟರ್ ಮೇಲೂ ಬೀಳುತ್ತದೆ. 2022ರ ಮೊದಲ ಸುತ್ತಿನ ಸೆಂಟರ್ ಟೈಲರ್ ಲಿಂಡರ್‌ಬಾಮ್ ಪ್ರೊ ಬೌಲ್ ಎಂಬ ತಾರೆಯರ ಪಟ್ಟಿಗೆ ಆಯ್ಕೆಯಾದವನಾಗಿದ್ದರೂ ರೇವನ್ಸ್ 2025ರಲ್ಲಿ ಅವನ ಐದನೇ ವರ್ಷವನ್ನು ಬೇಡವೆಂದಿತು. ಒಳಗಿನವರನ್ನು ಎರಡನೇ ಸುತ್ತಿನಲ್ಲಿ ಹುಡುಕಿ ಎನ್ನುವುದಕ್ಕೆ ಇದೂ ಒಂದು ಕಾರಣ.

ತೋಳಿನ ಅಳತೆಯ ಬಗ್ಗೆ ಒಂದೇ ಮಾತು. 34 ಇಂಚಿಗೆ ಕಡಿಮೆಯಾದರೆ ಟ್ಯಾಕಲ್ ಅಲ್ಲ ಎಂದು ಹಟ ಹಿಡಿಯಬೇಡಿ, ಸ್ಲೇಟರ್‌ನದು 33. ಡ್ರಾಫ್ಟ್‌ಗೆ ಮುನ್ನ ನಡೆಯುವ ಮೈಕಸುವಿನ ಪರೀಕ್ಷೆಯಾದ ಕಾಂಬೈನ್‌ನ ಓಟವೂ ಅಷ್ಟೆ: ಮೇಲೆ ಹೇಳಿದ ಓರ್ಲ್ಯಾಂಡೊ ಬ್ರೌನ್ 40 ಗಜ ಓಡಲು 5.85 ಸೆಕೆಂಡ್ ತೆಗೆದುಕೊಂಡು ಮೂರನೇ ಸುತ್ತಿಗೆ ಜಾರಿದವನು, ಆಮೇಲೆ ಪ್ರೊ ಬೌಲ್ ಆಡಿದ.

ಊರಲ್ಲಿ ಕರೆಂಟ್ ಹೋದಾಗ ಮಾತ್ರ ಲೈನ್‌ಮನ್ ನೆನಪಾಗುತ್ತಾನೆ. ಇಲ್ಲಿಯೂ ಸ್ಯಾಕ್ ಆದಾಗ ಮಾತ್ರ ಇವರ ಹೆಸರು ಕಿವಿಗೆ ಬೀಳುತ್ತದೆ. ಅದಕ್ಕೇ ನಿಮ್ಮ ರೂಕಿಯನ್ನು ಸ್ಯಾಕ್ ಎಣಿಸಿ ಅಳೆಯಬೇಡಿ, ಸೋಲಿನ ಬಗೆಯನ್ನು ಬರೆದಿಡಿ: ಒಳಗಿನಿಂದ, ಹೊರಗಿನಿಂದ, ತಳ್ಳಿಸಿಕೊಂಡು, ಟ್ವಿಸ್ಟ್‌ನಲ್ಲಿ. ಮೈದಾನದ ತುದಿಯ ಎಂಡ್ ಝೋನ್ ಹಿಂದಿನ ಕ್ಯಾಮೆರಾದ ಚಿತ್ರ ಸಿಕ್ಕರೆ ಅದನ್ನೇ ನೋಡಿ. ಪಕ್ಕದ ಕೋನದಲ್ಲಿ ಏನೂ ಗೊತ್ತಾಗುವುದಿಲ್ಲ. ಆಟಕ್ಕೆ ಮುಂಚೆ ಗುಂಪುಗೂಡುವ ಹಡಲ್‌ನಲ್ಲಿ ಯಾರಿಗೆ ಯಾವ ಕೆಲಸ ಹೇಳಿದ್ದರೆಂದು ಹೊರಗಿನವರಿಗೆ ತಿಳಿಯದು, ಗ್ರೇಡ್ ಕೊಡುವವರೂ ಅಲ್ಲಿ ಊಹಿಸುತ್ತಾರೆ. ಆದ್ದರಿಂದ ಒಂದು ಸ್ನ್ಯಾಪ್ ಹಿಡಿದು ತೀರ್ಪು ಬೇಡ. ಸೆಪ್ಟೆಂಬರ್‌ನ ಮೂರು ಪಂದ್ಯ, ಡಿಸೆಂಬರ್‌ನ ಮೂರು ಪಂದ್ಯ, ಎರಡರಲ್ಲೂ ಮೂರನೇ ಡೌನಿನಲ್ಲಿ ಹೆಚ್ಚು ಗಜ ಬೇಕಾದಾಗಿನ ಪಾಸ್‌ಗಳನ್ನಷ್ಟೇ ತೆಗೆದಿಡಿ. ಮೊದಲ ಮೂರರಲ್ಲಿ ಒಂದೇ ಬಗೆಯಲ್ಲಿ ಸೋಲುತ್ತಿದ್ದ ಹುಡುಗ ಕೊನೆಯ ಮೂರರಲ್ಲಿ ಬೇರೆ ಬಗೆಯಲ್ಲಿ ಸೋಲುತ್ತಿದ್ದರೆ ಅವನು ಕಲಿಯುತ್ತಿದ್ದಾನೆ. ಟ್ವಿಸ್ಟ್ ಬಂದಾಗ ಅವನ ಭುಜ ಗಾರ್ಡ್‌ನ ಭುಜಕ್ಕೆ ಸಮನಾಗಿ ನಿಂತಿದ್ದರೆ, ಆ ಸ್ನ್ಯಾಪ್‌ನಲ್ಲಿ ಸ್ಯಾಕ್ ಆಗಿದ್ದರೂ ಅವನ ಹೆಸರಿನ ಮುಂದೆ ಒಂದು ಟಿಕ್ ಹಾಕಿ.