ಹೋದ ದಾರಿಯಲ್ಲೇ ಮರಳುವ ದಾರ

ಕಸೂತಿ ಸೀರೆಯೊಂದನ್ನು ಕೈಗೆ ಕೊಟ್ಟರೆ ಧಾರವಾಡದ ಹಿರಿಯ ಹೆಂಗಸರು ಮೊದಲು ಸೆರಗನ್ನು ತಿರುವಿ ಹಿಂಬದಿ ನೋಡುತ್ತಾರೆ. ಅಲ್ಲಿ ಗಂಟು ಕಂಡರೆ, ಒಂದು ಚಿತ್ರದಿಂದ ಇನ್ನೊಂದಕ್ಕೆ ಅಡ್ಡಾದಿಡ್ಡಿ ಎಳೆದ ದಾರ ಕಂಡರೆ, ಮಾತಾಡದೆ ಮಡಚಿ ವಾಪಸ್ ಕೊಡುತ್ತಾರೆ. ಯಂತ್ರದಲ್ಲಿ ಹಾಕಿಸಿದ ‘ಕಸೂತಿ’ಯ ಬೆನ್ನಿಗೆ ಬಾಬಿನ್ನಿನ ಬಿಳಿ ದಾರವೂ ಒತ್ತು ಕೊಟ್ಟ ಕಾಗದದ ಚೂರೂ ಅಂಟಿಕೊಂಡಿರುತ್ತವೆ, ಅದನ್ನು ಪತ್ತೆಹಚ್ಚಲು ಪರಿಣತಿ ಬೇಕಿಲ್ಲ. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಹಾಕಿದ ಗೋಪುರವಾದರೆ ಹಿಂದೆಯೂ ಅದೇ ಗೋಪುರ ಗೆರೆಗೆ ಗೆರೆ ಕೂಡಿಕೊಂಡು ನಿಂತಿರುತ್ತದೆ.

ಈ ಅಚ್ಚುಕಟ್ಟಿನ ಬಗ್ಗೆ ಎರಡು ಬಗೆಯ ಮಾತು ಕೇಳಿ ನನಗೆ ಸಾಕಾಗಿದೆ. ಕಸೂತಿ ಎಂದರೆ ಹೆಂಗಸರು ಮಧ್ಯಾಹ್ನ ಹೊತ್ತು ಕಳೆಯಲು ಹಿಡಿಯುವ ಕೆಲಸ, ಅದಕ್ಕೆ ಬುದ್ಧಿ ಬೇಡ, ತಾಳ್ಮೆ ಸಾಕು ಎಂಬುದು ಒಂದು. ಇನ್ನೊಂದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುವುದು: ಯೂರೋಪಿನವರು ಕಣ್ಣು ಬಿಡುವ ಮೊದಲೇ ನಮ್ಮ ಅಜ್ಜಿಯರು ಉನ್ನತ ಗಣಿತವನ್ನೆಲ್ಲ ಸೀರೆಯ ಮೇಲೆ ಬರೆದಿಟ್ಟಿದ್ದರಂತೆ. ಮೊದಲನೆಯದು ಶುದ್ಧ ಅಹಂಕಾರ. ಎರಡನೆಯದು ಅಭಿಮಾನದ ವೇಷ ತೊಟ್ಟ ಮೂಢನಂಬಿಕೆ. ಎರಡನ್ನೂ ಆಡುವವರು ಸೂಜಿ ಹಿಡಿದು ಒಂದು ಚೌಕವನ್ನೂ ಹಾಕಿರುವುದಿಲ್ಲ. ಹಾಕಿದ್ದರೆ ಅದರೊಳಗಿನ ಗಣಿತ ಎಲ್ಲಿದೆ, ಎಷ್ಟಿದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು.

ಮನೆಯಲ್ಲೇ ಕುರ್ತಾ, ಫ್ರಾಕು, ರವಿಕೆ ಹೊಲಿದುಕೊಳ್ಳುವ ಹವ್ಯಾಸದವರಿಗೆ ಕಸೂತಿಯ ನಾಲ್ಕು ಹೊಲಿಗೆಗಳನ್ನು ನಾನು ಕಲಿಸಬೇಕಾಗಿಲ್ಲ. ಮೆಂತೆ ಗುಣಾಕಾರ ಚಿಹ್ನೆಯ ಹಾಗೆ ಬೀಳುವ ಹೊಲಿಗೆ. ಅದರ ಹಿಂಬದಿ ಬೇರೆಯೇ ಕಾಣುತ್ತದೆ. ನೇಯ್ಗೆ ಎಂಬ ಹೊಲಿಗೆಯಲ್ಲಿ ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ದಾರ. ಎರಡು ಬದಿಯೂ ಒಂದೇ ಆಗಿ ಮೂಡುವುದು ಗವಂತಿ ಮತ್ತು ಅದರ ಮೆಟ್ಟಿಲು ರೂಪವಾದ ಮುರಗಿಯಲ್ಲಿ ಮಾತ್ರ. ಸೂಜಿ ಬಟ್ಟೆಯ ಮೇಲೆ ಒಂದು ಹೆಜ್ಜೆ, ಕೆಳಗೆ ಒಂದು ಹೆಜ್ಜೆ ಇಡುತ್ತಾ ಹೋಗಿ, ಅದೇ ರಂಧ್ರಗಳಲ್ಲಿ ಮರಳುತ್ತಾ ಬಿಟ್ಟುಹೋದ ಜಾಗವನ್ನು ತುಂಬುತ್ತದೆ. ಇಷ್ಟೇ. ನೇರ ಗೆರೆಯಾದರೆ ಇದರಲ್ಲಿ ಯಾವ ಬೆರಗೂ ಇಲ್ಲ.

ಬೆರಗು ಶುರುವಾಗುವುದು ಗೆರೆ ಕವಲೊಡೆದಾಗ. ಗೋಪುರಕ್ಕೆ ಕಳಸಗಳಿವೆ, ತೇರಿಗೆ ಚಕ್ರಗಳಿವೆ, ತುಳಸಿಕಟ್ಟೆಯ ಮೇಲೆ ಎಲೆಗಳಿವೆ. ಒಂದೇ ದಾರದಲ್ಲಿ, ಗಂಟಿಲ್ಲದೆ, ಹಿಂಬದಿಯಲ್ಲಿ ಜಿಗಿಯದೆ, ಯಾವ ಗೆರೆಯನ್ನೂ ದಪ್ಪ ಮಾಡದೆ ಎಲ್ಲವನ್ನೂ ಮುಗಿಸಿ ಹೊರಟ ಜಾಗಕ್ಕೇ ಬರಬೇಕು. ಇದು ಪ್ರತಿ ಚಿತ್ರಕ್ಕೂ ಸಾಧ್ಯವೇ? ಅಥವಾ ಸಾಧ್ಯವಾಗುವ ಚಿತ್ರಗಳನ್ನಷ್ಟೇ ಸಂಪ್ರದಾಯ ಆರಿಸಿಟ್ಟುಕೊಂಡಿದೆಯೇ?

ಶಾಲೆಯಲ್ಲಿ ಎಲ್ಲರೂ ಆಡಿದ ಆಟವೊಂದಿದೆ: ಚೌಕ ಬರೆದು ಒಳಗೆ ಎರಡು ಕರ್ಣಗಳನ್ನು ಎಳೆಯಬೇಕು, ಪೆನ್ಸಿಲ್ ಎತ್ತಬಾರದು, ಬರೆದ ಗೆರೆಯ ಮೇಲೆ ಮತ್ತೆ ಹೋಗಬಾರದು. ಎಷ್ಟು ಹೊತ್ತು ಕೂತರೂ ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದವನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಪ್ರಷ್ಯದ ಕ್ಯೋನಿಗ್ಸ್‌ಬರ್ಗ್ ಊರಿನಲ್ಲಿ ಪ್ರೆಗೆಲ್ ನದಿಗೆ ಏಳು ಸೇತುವೆಗಳಿದ್ದವು. ಏಳನ್ನೂ ಒಂದೊಂದೇ ಸಲ ದಾಟಿ ಊರು ಸುತ್ತಬಹುದೇ ಎಂಬ ಪ್ರಶ್ನೆಗೆ ಆತ 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದೆ ‘ಸಾಧ್ಯವಿಲ್ಲ’ ಎಂಬ ಉತ್ತರವಿಟ್ಟ. ವಾದ ಮೂರು ಸಾಲಿನದು. ನಡುದಾರಿಯ ಯಾವುದೇ ನೆಲವನ್ನು ಹೊಕ್ಕು ಹೊರಡಲು ಎರಡು ಸೇತುವೆ ಖರ್ಚಾಗುತ್ತವೆ. ಆದ್ದರಿಂದ ಬೆಸ ಸಂಖ್ಯೆಯ ಸೇತುವೆಗಳಿರುವ ನೆಲ ಒಂದೋ ಪಯಣದ ಆರಂಭವಾಗಿರಬೇಕು, ಇಲ್ಲವೇ ಕೊನೆ. ಕ್ಯೋನಿಗ್ಸ್‌ಬರ್ಗಿನಲ್ಲಿ ಅಂಥ ನೆಲಗಳು ನಾಲ್ಕಿದ್ದವು. ಚೌಕದ ಮೂಲೆಗಳೂ ನಾಲ್ಕು, ಪ್ರತಿಯೊಂದರಲ್ಲೂ ಮೂರು ಗೆರೆ. ಆಟ ಅಲ್ಲಿಗೇ ಮುಗಿಯಿತು. (ಆ ಊರು ಈಗ ರಷ್ಯದ ಕಲಿನಿನ್‌ಗ್ರಾಡ್. ಎರಡನೇ ಮಹಾಯುದ್ಧದ ಬಾಂಬುಗಳು ಏಳರಲ್ಲಿ ಎರಡು ಸೇತುವೆಗಳನ್ನು ಕೆಡವಿದವು.)

ಈಗ ಗವಂತಿಗೆ ಬನ್ನಿ. ಇಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹೋಗುತ್ತದೆ, ಮೇಲೊಮ್ಮೆ, ಕೆಳಗೊಮ್ಮೆ. ಅಂದರೆ ಪ್ರತಿ ಸೇತುವೆಯ ಪಕ್ಕ ಇನ್ನೊಂದು ಸೇತುವೆ ಕಟ್ಟಿದ ಹಾಗಾಯಿತು. ಮೂರಿದ್ದದ್ದು ಆರಾಗುತ್ತದೆ, ಐದಿದ್ದದ್ದು ಹತ್ತಾಗುತ್ತದೆ. ಬೆಸ ಎಂಬುದೇ ಉಳಿಯುವುದಿಲ್ಲ. ಗೆರೆಗಳು ಸೇರುವ ಎಲ್ಲ ಕೂಡುಗಳಲ್ಲೂ ಗೆರೆಗಳ ಸಂಖ್ಯೆ ಸಮವಾಗಿದ್ದು ಚಿತ್ರ ಒಂದಕ್ಕೊಂದು ತಾಗಿಕೊಂಡಿದ್ದರೆ ಹೊರಟಲ್ಲಿಗೇ ಮರಳುವ ಸುತ್ತು ಇದ್ದೇ ಇರುತ್ತದೆ. ಇದರ ಪೂರ್ಣ ಸಾಧನೆಯನ್ನು, ಅಂದರೆ ಗಣಿತದ ರುಜುವಾತನ್ನು, ಆಯ್ಲರ್ ಬರೆದಿಡಲಿಲ್ಲ. ಅದು ಕಾರ್ಲ್ ಹೀರ್‌ಹೋಲ್ಟ್ಸರ್ ಎಂಬ ಜರ್ಮನ್ ಗಣಿತಜ್ಞ ತೀರಿಕೊಂಡ ಮೇಲೆ 1873ರಲ್ಲಿ ಅವನ ಹೆಸರಿನಲ್ಲಿ ಅಚ್ಚಾಯಿತು.

ಅನೇಕರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ, ‘ಕಸೂತಿಯಲ್ಲಿ ಆಯ್ಲರ್ ಇದ್ದಾನೆ’ ಎಂದು ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಸೊಗಸು ಇನ್ನೂ ಬಂದಿಲ್ಲ. ಪ್ರತಿ ಗೆರೆಯ ಮೇಲೆ ಎರಡು ಸಲ ಹೋದರೆ ಸಾಲದು. ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದೇ ಚಲಿಸಬಲ್ಲದು. ಎರಡು ಹೆಜ್ಜೆ ಸತತವಾಗಿ ಮೇಲೆಯೇ ಇಡಲಾಗದು. ಹಾಗಿದ್ದೂ ಪ್ರತಿ ಗೆರೆಗೆ ಒಂದು ಸಲ ಮೇಲಿನ ಸರದಿ, ಇನ್ನೊಂದು ಸಲ ಕೆಳಗಿನ ಸರದಿಯೇ ಬರಬೇಕು. ಸುತ್ತು ಸಿಕ್ಕಿತು ಎಂದಮಾತ್ರಕ್ಕೆ ಸರದಿ ಹೊಂದುತ್ತದೆ ಎಂಬ ಭರವಸೆ ಇಲ್ಲ.

ನಂಬಿಕೆಯಾಗದಿದ್ದರೆ ಎಳೆ ಎಣಿಸಬಹುದಾದ ಒಂದು ಮ್ಯಾಟಿ ಬಟ್ಟೆಯ ತುಂಡಿನಲ್ಲಿ ನಾಲ್ಕು ಹೊಲಿಗೆಯ ಪುಟ್ಟ ಚೌಕ ಹಾಕಿ ನೋಡಿ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಒಂದು ಸುತ್ತು ಬಂದಿರಿ. ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಟರೆ ಐದನೇ ಹೆಜ್ಜೆ ಮತ್ತೆ ಮೇಲೆಯೇ, ಮೊದಲನೇ ಹೊಲಿಗೆಯ ತಲೆಯ ಮೇಲೆಯೇ ಬೀಳುತ್ತದೆ. ಮುಂಬದಿಯಲ್ಲಿ ಎರಡು ಬಾಹು ದಪ್ಪ, ಎರಡು ಬಾಹು ಬರಿದು. ಹಿಂಬದಿಯಲ್ಲಿ ಅದರ ತಿರುಗುಮುರುಗು. ಚೌಕ ಪೂರ್ತಿಯಾದ ಮೂಲೆಯಲ್ಲಿ ಹೊರಳಿ, ಬಂದ ದಾರಿಯಲ್ಲೇ ಮರಳಿದರೆ ಮಾತ್ರ ಎಲ್ಲ ಬಾಹುಗಳೂ ಎರಡು ಬದಿಯಲ್ಲೂ ತುಂಬುತ್ತವೆ. ನಾಲ್ಕನೆಯ ಬಾಹುವಿಗೆ ನಾಲ್ಕು ಮತ್ತು ಐದನೆಯ ಹೆಜ್ಜೆ, ಮೊದಲ ಬಾಹುವಿಗೆ ಒಂದು ಮತ್ತು ಎಂಟನೆಯ ಹೆಜ್ಜೆ. ಯಾವ ಬಾಹುವನ್ನು ತೆಗೆದುಕೊಂಡರೂ ಒಂದು ಹೆಜ್ಜೆ ಬೆಸ, ಇನ್ನೊಂದು ಸಮ. ಮೂರೇ ಹೊಲಿಗೆಯ ತ್ರಿಕೋನಕ್ಕೆ ಈ ತೊಂದರೆಯಿಲ್ಲ, ಒಂದೇ ದಿಕ್ಕಿನಲ್ಲಿ ಎರಡು ಸಲ ಸುತ್ತಿದರೂ ಸರಿಹೋಗುತ್ತದೆ, ಏಕೆಂದರೆ ನಾಲ್ಕನೇ ಹೆಜ್ಜೆ ಮೊದಲ ಬಾಹುವಿನ ಕೆಳಗೆ ಬರುತ್ತದೆ. ಚೌಕಕ್ಕೂ ತ್ರಿಕೋನಕ್ಕೂ ಇರುವ ಈ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಬೇಗ ಸೂಜಿ ಕಲಿಸುತ್ತದೆ.

ಹಾಗಾದರೆ ನೂರಾರು ಗೆರೆಯ ತೇರಿನಲ್ಲಿ ಸರದಿ ತಪ್ಪದಂತೆ ನಡೆಯುವುದು ಹೇಗೆ? ಧಾರವಾಡದ ಮಾಳಮಡ್ಡಿಯ ಓಣಿಗಳಲ್ಲಿ ಬೆಳಗಿನ ಜಾವ ಪೇಪರ್ ಹಾಕುವ ಹುಡುಗನನ್ನು ನೆನೆಯಿರಿ. ಅವನು ಪ್ರತಿ ಓಣಿಯಲ್ಲೂ ಹೋಗುವಾಗ ಒಂದು ಬದಿಯ ಮನೆಗಳಿಗೆ, ಬರುವಾಗ ಇನ್ನೊಂದು ಬದಿಯ ಮನೆಗಳಿಗೆ ಪೇಪರ್ ಎಸೆಯುತ್ತಾನೆ. ಕೂಡಿನಲ್ಲಿ ಹೊಸ ಓಣಿ ಕಂಡರೆ ಅದನ್ನು ಹೊಗುತ್ತಾನೆ. ಆ ಓಣಿ ಈಗಾಗಲೇ ಕಂಡಿರುವ ಕೂಡಿಗೇ ಹೋಗಿ ಮುಟ್ಟಿದರೆ ಅಲ್ಲಿಂದಲೇ ಹೊರಳಿ ಅದೇ ಓಣಿಯಲ್ಲಿ ಮರಳುತ್ತಾನೆ. ಹೊಸ ಓಣಿ ಉಳಿದಿಲ್ಲವಾದರೆ, ಆ ಕೂಡಿಗೆ ಮೊದಲ ಸಲ ಯಾವ ಓಣಿಯಿಂದ ಬಂದಿದ್ದನೋ ಅದರಲ್ಲೇ ಹಿಂದಿರುಗುತ್ತಾನೆ. ನಕ್ಷೆ ಬೇಡ, ಇಡೀ ಬಡಾವಣೆಯ ಜ್ಞಾನ ಬೇಡ. ನಿಂತ ಕೂಡಿನಲ್ಲಿ ಏನಾಗಿದೆ ಎಂದು ಗೊತ್ತಿದ್ದರೆ ಸಾಕು. ಕೊನೆಗೆ ಅವನು ಮನೆ ಸೇರಿದಾಗ ಯಾವ ಓಣಿಯೂ ಬಿಟ್ಟುಹೋಗಿರುವುದಿಲ್ಲ.

ಇದರಲ್ಲಿ ಸರದಿ ತಾನಾಗಿ ಹೊಂದಿಕೊಳ್ಳುತ್ತದೆ, ನನಗೆ ಅತ್ಯಂತ ಖುಷಿ ಕೊಡುವುದು ಈ ಜಾಗ. ಒಂದು ಕವಲಿನಲ್ಲಿ ಎಷ್ಟೇ ಗೆರೆಗಳಿರಲಿ, ಪ್ರತಿ ಗೆರೆಗೂ ಎರಡು ಹೆಜ್ಜೆ. ಆದ್ದರಿಂದ ಕವಲನ್ನು ಪೂರ್ತಿ ಮುಗಿಸಿ ಕೂಡಿಗೆ ಮರಳಿದಾಗ ನಡೆದ ಹೆಜ್ಜೆಗಳ ಮೊತ್ತ ಯಾವಾಗಲೂ ಸಮಸಂಖ್ಯೆ. ಸೂಜಿ ಬಟ್ಟೆಯ ಯಾವ ಬದಿಯಲ್ಲಿದ್ದಾಗ ಕವಲು ಹೊಕ್ಕಿತ್ತೋ ಅದೇ ಬದಿಯಲ್ಲಿರುವಾಗ ಹೊರಬರುತ್ತದೆ. ಕಳಸ ಹಾಕಲು ಹೋಗಿಬಂದ ಸುದ್ದಿ ಗೋಪುರದ ಮುಖ್ಯ ಗೆರೆಗೆ ಗೊತ್ತೇ ಆಗುವುದಿಲ್ಲ! ಅದು ತನ್ನ ‘ಮೇಲೆ, ಕೆಳಗೆ’ಯನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತದೆ. ಇದೇ ವಾದದಿಂದ, ಕವಲಿನ ಬಾಗಿಲಾದ ಗೆರೆಯನ್ನು ಹೊಗುವ ಹೆಜ್ಜೆ ಬೆಸವಾದರೆ ಮರಳುವ ಹೆಜ್ಜೆ ಸಮವೇ ಆಗಬೇಕು. ಕವಲಿನ ಕವಲಿಗೂ, ಅದರ ಕವಲಿಗೂ ಇದೇ ನಿಯಮ. ಹೀಗಾಗಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಬಿಡಿ ತುಂಡುಗಳಿಲ್ಲದ ಯಾವುದೇ ಚಿತ್ರವನ್ನು ಗವಂತಿಯಲ್ಲಿ ಒಂದೇ ದಾರದಿಂದ ಹಾಕಿ ಹೊರಟಲ್ಲಿಗೇ ಮರಳಬಹುದು. ಸಂಪ್ರದಾಯ ಸುಲಭದ ಚಿತ್ರಗಳನ್ನು ಹೆಕ್ಕಿಕೊಳ್ಳಬೇಕಾದ ಒತ್ತಾಯವೇ ಇರಲಿಲ್ಲ.

ಪೇಪರ್ ಹುಡುಗನ ಈ ಉಪಾಯ ಚಕ್ರವ್ಯೂಹದಂಥ ತೋಟಗಳಿಂದ ಹೊರಬರುವ ವಿಧಾನವಾಗಿ 19ನೇ ಶತಮಾನದ ಫ್ರಾನ್ಸಿನಲ್ಲಿ ಚರ್ಚೆಯಾಯಿತು. ಟ್ರೆಮೋ ಎಂಬ ಎಂಜಿನಿಯರ್‌ನ ನಿಯಮವನ್ನು 1882ರಲ್ಲಿ ಎಡ್ವರ್ಡ್ ಲುಕಾಸ್ ಪ್ರಕಟಿಸಿದ, 1895ರಲ್ಲಿ ಗ್ಯಾಸ್ಟನ್ ಟ್ಯಾರಿ ಅದನ್ನು ಇನ್ನಷ್ಟು ವಿಸ್ತರಿಸಿದ. ಕಂಪ್ಯೂಟರ್ ವಿಜ್ಞಾನದಲ್ಲಿ ಇದೇ ನಡಿಗೆಯನ್ನು ಪಳಗಿಸಿದ ಜಾನ್ ಹಾಪ್‌ಕ್ರಾಫ್ಟ್ ಮತ್ತು ರಾಬರ್ಟ್ ಟಾರ್ಜಾನ್ ಅವರಿಗೆ 1986ರ ಟ್ಯೂರಿಂಗ್ ಪ್ರಶಸ್ತಿ ಬಂತು. ಹಾಗಾದರೆ ಅಜ್ಜಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತಲ್ಲವೇ ಎಂದು ಮೊಬೈಲ್ ವೀರರು ಮತ್ತೆ ಎದ್ದು ನಿಲ್ಲುತ್ತಾರೆ. ಅಜ್ಜಿಯರಿಗೆ ಗೊತ್ತಿದ್ದದ್ದು ಈ ತೇರನ್ನು, ಈ ನವಿಲನ್ನು ಸಿಕ್ಕಿಲ್ಲದೆ ಮುಗಿಸುವುದು. ಎಂದೂ ಕಂಡಿರದ ಚಿತ್ರಕ್ಕೂ ಅದು ಸಾಧ್ಯವೆಂದು ಸೂಜಿ ಮುಟ್ಟದೆಯೇ ಖಚಿತಪಡಿಸುವುದು ಸಾಧನೆಯ ಕೆಲಸ. ಎರಡಕ್ಕೂ ಬುದ್ಧಿ ಬೇಕು, ಎರಡೂ ಒಂದೇ ಅಲ್ಲ. ಅಲ್ಲದೆ ಈ ಹೊಲಿಗೆ ನಮ್ಮೊಬ್ಬರ ಗುತ್ತಿಗೆಯೂ ಅಲ್ಲ. ಇಂಗ್ಲೆಂಡಿನಲ್ಲಿ 16ನೇ ಶತಮಾನದ ಶ್ರೀಮಂತರ ಕಾಲರು, ತೋಳಂಚುಗಳ ಮೇಲೆ ಕಪ್ಪು ರೇಷ್ಮೆಯಲ್ಲಿ ಇದೇ ಹೊಲಿಗೆ ಇರುತ್ತಿತ್ತು. ಅದನ್ನು ನವಿರಾಗಿ ಚಿತ್ರಿಸಿದ ಕಲಾವಿದ ಹ್ಯಾನ್ಸ್ ಹೋಲ್ಬೈನ್‌ನ ಹೆಸರೇ ಅಲ್ಲಿ ಆ ಹೊಲಿಗೆಗೆ ಅಂಟಿಕೊಂಡಿತು.

ಕಪ್ಪು ಎಂದಾಗ ನೆನಪಾಯಿತು. ಮಂಗಳಕಾರ್ಯಕ್ಕೆ ಕಪ್ಪು ಬಟ್ಟೆ ಅಶುಭ ಎಂದು ಇಂದಿಗೂ ಎಷ್ಟೋ ಮನೆಗಳಲ್ಲಿ ಹೊಸ ಕುರ್ತಾದ ಬಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಾರೆ. ಇದೇ ನಾಡಿನಲ್ಲಿ ಮದುಮಗಳಿಗೆ ಕೊಡುತ್ತಿದ್ದ ಚಂದ್ರಕಾಳಿ ಸೀರೆ ಅಚ್ಚ ಕಪ್ಪು, ಅದರ ಮೇಲೆ ಕಸೂತಿ! ಎಳೆ ಎಣಿಸಿ ಹಾಕುವ ಬಣ್ಣದ ದಾರ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಶುಭಾಶುಭದ ಪಟ್ಟಿ ತಯಾರಿಸುವವರು ಮೊದಲು ತಮ್ಮ ಮುತ್ತಜ್ಜಿಯ ಪೆಟ್ಟಿಗೆಯನ್ನು ತೆಗೆದು ನೋಡಲಿ.

ಎರಡೂ ಬದಿ ಒಂದೇ ಕಾಣುವ ಹೊಲಿಗೆ ನಮ್ಮ ಮನೆಯ ಯಂತ್ರಕ್ಕೂ ಬರುತ್ತದೆಯಲ್ಲ ಎಂದು ಕೇಳಬಹುದು. ಬರುತ್ತದೆ, ಆದರೆ ಅಲ್ಲಿ ದಾರಗಳು ಎರಡು. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿಯಿತ್ತು; ಸೂಜಿ ಪೂರ್ತಿ ದಾಟಿಹೋಗದೆ ಕೆಳಗೆ ಒಂದು ಕುಣಿಕೆ ಬಿಟ್ಟು ಮೇಲೇಳುತ್ತದೆ, ಕೆಳಗಿನ ದಾರ ಆ ಕುಣಿಕೆಯೊಳಗೆ ಹಾಯುತ್ತದೆ. ಇಂದಿನ ಯಂತ್ರಗಳಲ್ಲಿ ಕೊಕ್ಕೆಯೊಂದು ಆ ಕುಣಿಕೆಯನ್ನು ಹಿಡಿದು ಇಡೀ ಬಾಬಿನ್ನಿನ ಸುತ್ತ ದಾಟಿಸುತ್ತದೆ. ಟೆನ್ಷನ್ ಸರಿಯಿದ್ದರೆ ಎರಡು ದಾರಗಳ ಹೆಣಿಗೆ ಬಟ್ಟೆಯ ದಪ್ಪದೊಳಗೆ ಅಡಗುತ್ತದೆ. ಗಾಂಧೀಜಿ 1924ರಲ್ಲಿ ಯಂತ್ರಗಳನ್ನು ಟೀಕಿಸುತ್ತಲೇ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ಶ್ರಮ ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂದು ಅವರು ನಂಬಿದ್ದರು. ಪಾಪ, ಇತಿಹಾಸ ಅಷ್ಟು ಮಧುರವಾಗಿಲ್ಲ: ಸಿಂಗರ್ 1851ರಲ್ಲಿ ತಂದದ್ದು ಇದ್ದ ಯಂತ್ರದ ಸುಧಾರಣೆ, ಆಮೇಲೆ ನ್ಯಾಯಾಲಯದಲ್ಲಿ ಗೆದ್ದ ಹೋವ್‌ಗೆ ರಾಯಧನ ತೆರಬೇಕಾಯಿತು. ಅದೇನೇ ಇರಲಿ, ಸೂಜಿಯನ್ನು ಕೈಬಿಡದ ಈ ಯಂತ್ರಕ್ಕೆ ಒಂದೇ ದಾರದಲ್ಲಿ ಹೋಗಿ ಮರಳುವ ಗವಂತಿ ಎಟುಕದು.

ಇನ್ನು ಹೊಲಿಯುವವರಿಗೆ ಕೆಲಸಕ್ಕೆ ಬರುವ ಮಾತು. ಒಳಗೆ ಲೈನಿಂಗ್ ಕೊಡುವ ಯೋಕ್‌ಗೆ ಗವಂತಿಯ ಶುದ್ಧಿಗಾಗಿ ಜೀವ ತೇಯುವುದು ವ್ಯರ್ಥ, ಅಲ್ಲಿ ಧಾರಾಳವಾಗಿ ಮೆಂತೆ ಹಾಕಿ. ದುಪಟ್ಟಾ, ಮಡಚುವ ತೋಳು, ಸೆರಗು, ಇವು ಎರಡು ಬದಿಯೂ ಕಾಣುವಂಥವು; ಗವಂತಿಯ ಜಾಗ ಅದು. ಎಳೆ ಎಣಿಸಲಾಗದಷ್ಟು ನುಣುಪಾದ ಬಟ್ಟೆಯಾದರೆ ಜಾಳು ಕ್ಯಾನ್ವಾಸನ್ನು ಮೇಲಿಟ್ಟು ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ದಾರದ ಅಂದಾಜು ಸುಲಭ: ಚಿತ್ರದ ಎಲ್ಲ ಗೆರೆಗಳ ಉದ್ದ 40 ಸೆಂ.ಮೀ. ಆದರೆ ದಾರ 80 ಸೆಂ.ಮೀ., ಜೊತೆಗೆ ಬಟ್ಟೆಯ ದಪ್ಪಕ್ಕೂ ಎರಡು ತುದಿಗಳಿಗೂ ಸೇರಿ ಒಂದು ಮೀಟರ್ ಹತ್ತಿರ. ಗಣಿತಕ್ಕೆ ದಾರ ಎಷ್ಟುದ್ದವಿದ್ದರೂ ಒಂದೇ, ನಿಜವಾದ ದಾರ ಮಾತ್ರ ನೂರು ಸಲ ರಂಧ್ರ ದಾಟಿದರೆ ಎಳೆ ಬಿಟ್ಟು ನವೆಯುತ್ತದೆ. ಆದ್ದರಿಂದ ದೊಡ್ಡ ಚಿತ್ರವನ್ನು ಕವಲುಗಳಾಗಿ ಒಡೆದು, ಪ್ರತಿ ಕವಲಿಗೂ ಬೇರೆ ದಾರ ಹಿಡಿದು, ಹೊರಟ ಕೂಡಿಗೇ ಮರಳಿ, ತುದಿಗಳನ್ನು ಹಾಕಿದ ಹೊಲಿಗೆಯೊಳಗೇ ನುಸುಳಿಸಿ ಕತ್ತರಿಸಿ. ಪ್ರತಿ ಕವಲಿಗೂ ಹೆಜ್ಜೆಗಳು ಸಮಸಂಖ್ಯೆಯೇ ಆಗಿರುವುದರಿಂದ ಯಾವುದನ್ನು ಮೊದಲು ಹಾಕಿದರೂ ಸರದಿ ಕೆಡುವುದಿಲ್ಲ. ನವಿಲಿನ ಕಣ್ಣಿನಂತೆ ಸುತ್ತಲಿನ ಗೆರೆಗಳಿಗೆ ತಾಗದ ಚುಕ್ಕೆಯಿದ್ದರೆ ಈ ನಿಯಮ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ಪ್ರತ್ಯೇಕ ದಾರವನ್ನೇ ಹಾಕಬೇಕು, ಇಲ್ಲವೇ ಕಣ್ಣನ್ನು ಕೊಕ್ಕಿಗೆ ಸೇರಿಸುವ ಒಂದು ಗೆರೆಯನ್ನು ವಿನ್ಯಾಸದಲ್ಲೇ ಎಳೆದುಕೊಳ್ಳಬೇಕು.